ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ನಾವೇ ಕಟ್ಟಿದ ಅನುಸ್ಥಾಪನಾ ಡಿಸ್ಕ್ ಬೂಟ್ ಆಗದಿದ್ದರೆ

ಕಾರ್ಯಾಚರಣ ವ್ಯವಸ್ಥೆಯ ಮೂಲ ಐಎಸ್‌ಒ ಕಡತವನ್ನು (ಇಡೀ ಡಿಸ್ಕಿನ ಪ್ರತಿರೂಪವಾದ ಒಂದೇ ಕಡತ) ಬಿಚ್ಚಿ, ತಮಗೆ ಬೇಕಾದ ತಂತ್ರಾಂಶ, ಅಕ್ಷರಶೈಲಿ ಮತ್ತು ಮೊದಲೇ ಬರೆದಿಟ್ಟ ಉತ್ತರಗಳನ್ನು ಸೇರಿಸಿ, ಮತ್ತೆ ಬೂಟ್ ಆಗಬಲ್ಲ ಡಿಸ್ಕಾಗಿ ಕಟ್ಟುವ ಸ್ಕ್ರಿಪ್ಟ್‌ಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಹುತೇಕ ಪತ್ರಗಳಲ್ಲಿ ‘ಬೂಟ್ ಆಗುತ್ತಿಲ್ಲ’ ಎಂದಷ್ಟೇ ಇರುತ್ತದೆ. ಮೆನು ಬರುವುದಕ್ಕೂ ಮುಂಚೆ ನಿಂತಿತೋ, ವ್ಯವಸ್ಥೆಯ ತಿರುಳಾದ ಕರ್ನಲ್ ಶುರುವಾದ ಮೇಲೆ ನಿಂತಿತೋ, ಅಥವಾ ಅನುಸ್ಥಾಪಕವು ತೆರೆದುಕೊಂಡು ಕೇಳಬಾರದ ಪ್ರಶ್ನೆಗಳನ್ನು ಕೇಳತೊಡಗಿತೋ ಎಂಬುದನ್ನು ದಯವಿಟ್ಟು ಬರೆಯಿರಿ. ಈ ಮೂರು ಹಂತಗಳ ದೋಷಗಳಿಗೆ ಕಾರಣಗಳು ಬೇರೆ ಬೇರೆ, ಮತ್ತು ದೋಷ ಕಾಣಿಸಿಕೊಂಡ ಹಂತಕ್ಕಿಂತ ಹಿಂದಿನ ಹಂತದಲ್ಲಿಯೇ ಅದರ ಬೇರು ಇರುವುದು ಹೆಚ್ಚು.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಪ್ರಯೋಗಾಲಯದ 40 ಕಂಪ್ಯೂಟರ್‌ಗಳಿಗೆ ಉಬುಂಟು ಸರ್ವರ್ ಹಾಕಲು 18.04ರ ಕಾಲದಲ್ಲಿ ಬರೆದ ಬ್ಯಾಶ್ (ಆಜ್ಞೆಗಳನ್ನು ಓದಿ ನಡೆಸುವ ಶೆಲ್) ಸ್ಕ್ರಿಪ್ಟ್ ನನ್ನ ಬಳಿ ಇದೆ. ಅದಕ್ಕೆ 22.04ರ ಐಎಸ್‌ಒ ಕೊಟ್ಟರೆ ಡಿಸ್ಕಿನಿಂದ ಬೂಟ್ ಮಾಡಿಸುವ ‘ಐಸೊಲಿನಕ್ಸ್’ ತಂತ್ರಾಂಶದ ಕಡತ ಸಿಗುತ್ತಿಲ್ಲ ಎಂದು ನಿಲ್ಲುತ್ತದೆ. ಆ ಕಡತವನ್ನು ಹೆಸರಿಸುವ ಆಯ್ಕೆಗಳನ್ನು ಐಎಸ್‌ಒ ಕಟ್ಟುವ ಆಜ್ಞೆಯ ಸಾಲಿನಿಂದ ತೆಗೆದುಹಾಕಿದಾಗ ಐಎಸ್‌ಒ ತಯಾರಾಯಿತು. ಆದರೆ ಯಾವ ಯಂತ್ರವೂ ಅದರಿಂದ ಬೂಟ್ ಆಗುತ್ತಿಲ್ಲ. ಏನು ಮಾಡಲಿ? (ಪ್ರಯೋಗಾಲಯ ಬೋಧಕರು, ಹಾಸನ)

ಉತ್ತರ: ಸ್ಕ್ರಿಪ್ಟ್ ನಿಮಗೆ ಸರಿಯಾದ ಸುಳಿವನ್ನೇ ಕೊಟ್ಟಿತ್ತು. ಆ ಆಯ್ಕೆಗಳನ್ನು ತೆಗೆದಾಗ ದೋಷದ ಸಂದೇಶದ ಜೊತೆಗೆ ಡಿಸ್ಕಿನ ಬೂಟ್ ಆಗುವ ಶಕ್ತಿಯೂ ಹೋಯಿತು, ಏಕೆಂದರೆ ಐಎಸ್‌ಒದೊಳಗೆ ಬೂಟ್ ಮಾಹಿತಿಯನ್ನು ಬರೆಯಿಸುತ್ತಿದ್ದುದು ಅವೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐಎಸ್‌ಒ 9660 ಮಾದರಿಯಲ್ಲಿ ಡಿಸ್ಕನ್ನು 2048 ಬೈಟ್‌ಗಳ ಸೆಕ್ಟರ್‌ಗಳಾಗಿ ವಿಂಗಡಿಸಲಾಗಿರುತ್ತದೆ. ಸೊನ್ನೆಯಿಂದ ಎಣಿಸಿದರೆ ಮೊದಲ 16 ಸೆಕ್ಟರ್‌ಗಳು, ಅಂದರೆ 32,768 ಬೈಟ್‌ಗಳು, ಯಾವ ಕಡತಕ್ಕೂ ಸೇರದೆ ಮೀಸಲಾಗಿರುವ ಜಾಗ. 16ನೆಯ ಸೆಕ್ಟರಿನಲ್ಲಿ ಡಿಸ್ಕಿನ ಹೆಸರು, ಗಾತ್ರ ಮುಂತಾದ ವಿವರಗಳಿರುತ್ತವೆ. 17ನೆಯದರಲ್ಲಿ ‘ಎಲ್ ಟೊರಿಟೊ’ ಎಂಬ ಬೂಟ್ ದಾಖಲೆ ಇರುತ್ತದೆ. ಫೀನಿಕ್ಸ್ ಮತ್ತು ಐಬಿಎಂ ಸಂಸ್ಥೆಗಳು ಸೇರಿ 1995ರಲ್ಲಿ ಹೊರತಂದ ಈ ನಿಯಮದಂತೆ, ಆ ದಾಖಲೆಯು ಒಂದು ಪಟ್ಟಿಯ ವಿಳಾಸವನ್ನು ಹೇಳುತ್ತದೆ, ಮತ್ತು ಬಯಾಸ್ (ಯಂತ್ರ ಆನ್ ಆದೊಡನೆ ನಡೆಯುವ ಹಳೆಯ ಬಗೆಯ ಫರ್ಮ್‌ವೇರ್) ಯಂತ್ರವು ಯಾವ ಬೂಟ್ ಇಮೇಜನ್ನು ಓದಬೇಕು, ಯುಇಎಫ್‌ಐ (ಅದರ ಹೊಸ ಬಗೆ) ಯಂತ್ರವು ಯಾವುದನ್ನು ಓದಬೇಕು ಎಂಬುದು ಆ ಪಟ್ಟಿಯಲ್ಲಿರುತ್ತದೆ. ಪೆನ್‌ಡ್ರೈವಿಗೆ ಬರೆದಾಗಲೂ ಬೂಟ್ ಆಗುವ ಐಎಸ್‌ಒಗಳಲ್ಲಿ ಮೊದಲ 16 ಸೆಕ್ಟರ್‌ಗಳ ಮೀಸಲು ಜಾಗದೊಳಗೂ ಬೂಟ್ ಸಂಕೇತ ಮತ್ತು ವಿಭಾಗಗಳ ಪಟ್ಟಿ ಇರುತ್ತವೆ. ಇವುಗಳಲ್ಲಿ ಯಾವುದೂ ಕಡತವಾಗಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಐಎಸ್‌ಒವನ್ನು ಮೌಂಟ್ ಮಾಡಿ (ಕಡತಕೋಶದಂತೆ ತೆರೆದು) ಅದರ ಕಡತಗಳನ್ನೆಲ್ಲ ಇನ್ನೊಂದು ಕಡತಕೋಶಕ್ಕೆ ನಕಲು ಮಾಡಿದಾಗ ಇವು ಹಿಂದೆಯೇ ಉಳಿಯುತ್ತವೆ.

18.04ರಲ್ಲಿ ಬಯಾಸ್ ಬೂಟ್‌ಗೆ ಐಸೊಲಿನಕ್ಸ್ ಬಳಕೆಯಾಗುತ್ತಿತ್ತು. ಉಬುಂಟು 20.10ರಿಂದ ಬಯಾಸ್‌ಗೂ ಯುಇಎಫ್‌ಐಗೂ ಗ್ರಬ್ ಎಂಬ ಬೂಟ್ ತಂತ್ರಾಂಶ ಒಂದೇ ಆಯಿತು. 22.04ರ ಐಎಸ್‌ಒದಲ್ಲಿ ಬಯಾಸ್‌ನ ಬೂಟ್ ಇಮೇಜ್ ‘ಬೂಟ್’ ಕಡತಕೋಶದೊಳಗಿನ ‘ಗ್ರಬ್’ನಲ್ಲಿ ‘ಐ386-ಪಿಸಿ’ ಎಂಬ ಉಪಕೋಶದಲ್ಲಿದೆ, ಅದು ನಕಲಿನಲ್ಲಿ ಬರುತ್ತದೆ. ಆದರೆ ಯುಇಎಫ್‌ಐ ಇಮೇಜ್ ಕಡತ ವ್ಯವಸ್ಥೆಯ ಹೊರಗೆ, ಐಎಸ್‌ಒದ ಬಾಲಕ್ಕೆ ಪ್ರತ್ಯೇಕ ವಿಭಾಗವಾಗಿ ಅಂಟಿಕೊಂಡಿರುತ್ತದೆ, ಅದು ನಕಲಿನಲ್ಲಿ ಬರುವುದಿಲ್ಲ. ಹಳೆಯ ಸ್ಕ್ರಿಪ್ಟಿನಲ್ಲಿ ಕಡತದ ಹೆಸರನ್ನಷ್ಟೇ ಬದಲಿಸಿದ ಅನೇಕರಿಗೆ ಬಯಾಸ್ ಯಂತ್ರಗಳು ಬೂಟ್ ಆಗಿ, ಹೊಸ ಲ್ಯಾಪ್‌ಟಾಪ್‌ಗಳು ಮಾತ್ರ ಆಗದೆ ಕಂಗೆಡಿಸುವುದು ಇದರಿಂದಲೇ.

ಈ ಆಯ್ಕೆಗಳನ್ನು ಊಹಿಸಿ ಬರೆಯುವ ಅಗತ್ಯವಿಲ್ಲ. ಎಕ್ಸೊರಿಸೊ ತಂತ್ರಾಂಶಕ್ಕೆ ಮೂಲ ಐಎಸ್‌ಒವನ್ನು ‘ಇನ್‌ಡೆವ್’ ಎಂದು ಕೊಟ್ಟು, ‘ರಿಪೋರ್ಟ್ ಎಲ್ ಟೊರಿಟೊ’ ಆಯ್ಕೆಗೆ ‘ಆ್ಯಸ್ ಎಂಕೆಐಸೊಎಫ್‌ಎಸ್’ ಎಂಬ ರೂಪವನ್ನು ಕೇಳಿದರೆ, ಆ ಐಎಸ್‌ಒವನ್ನು ಮತ್ತೆ ಕಟ್ಟಲು ಬೇಕಾದ ಬೂಟ್ ಆಯ್ಕೆಗಳನ್ನೆಲ್ಲ ಅದೇ ಒಂದೊಂದು ಸಾಲಾಗಿ ಬರೆದುಕೊಡುತ್ತದೆ. ಬಾಲದ ವಿಭಾಗವನ್ನು ಮೂಲ ಐಎಸ್‌ಒದ ಇಂತಿಷ್ಟನೆಯ ಸೆಕ್ಟರಿನಿಂದ ಇಂತಿಷ್ಟರವರೆಗೆ ಎತ್ತಿಕೊಳ್ಳಬೇಕೆಂದು ಆ ಸಾಲುಗಳಲ್ಲಿಯೇ ಹೇಳಿರುತ್ತದೆ. ಆದುದರಿಂದ ಹೊಸದನ್ನು ಕಟ್ಟಿ ಮುಗಿಯುವವರೆಗೆ ಮೂಲ ಐಎಸ್‌ಒವನ್ನು ಅದೇ ಜಾಗದಲ್ಲಿ ಇಟ್ಟಿರಬೇಕು. ನಿಮ್ಮದು ಎರಡು ಮೂರು ಕಡತಗಳನ್ನು ಸೇರಿಸುವ ಕೆಲಸ ಮಾತ್ರವಾಗಿದ್ದರೆ ಬಿಚ್ಚಿ ಕಟ್ಟುವ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಎಕ್ಸೊರಿಸೊಗೆ ಹಳೆಯ ಐಎಸ್‌ಒವನ್ನು ಒಳಬರುವುದಾಗಿಯೂ ಹೊಸ ಹೆಸರನ್ನು ಹೊರಹೋಗುವುದಾಗಿಯೂ ಕೊಟ್ಟು, ‘ಮ್ಯಾಪ್’ ಆಯ್ಕೆಯಿಂದ ನಿಮ್ಮ ಕಡತಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ‘ಬೂಟ್ ಇಮೇಜ್’ ಆಯ್ಕೆಗೆ ‘ಎನಿ ರಿಪ್ಲೇ’ ಎಂದು ಹೇಳಿದರೆ, ಮೂಲದಲ್ಲಿದ್ದ ಬೂಟ್ ಏರ್ಪಾಡು ಹಾಗೆಯೇ ಹೊಸದಕ್ಕೆ ಬರುತ್ತದೆ. ನಾನು ನನ್ನ ಸ್ವಂತ ಸ್ಕ್ರಿಪ್ಟ್‌ಗಳಲ್ಲಿ ಹತ್ತಿಪ್ಪತ್ತು ಸಾಲುಗಳನ್ನು ಅಳಿಸಿ ಈ ಒಂದು ಆಜ್ಞೆಯನ್ನು ಇಟ್ಟ ಮೇಲೆ ಬೂಟ್ ಸಂಬಂಧವಾದ ತೊಂದರೆ ಮತ್ತೆ ಕಂಡಿಲ್ಲ.

ಗ್ರಬ್ ಸಂರಚನೆಯ ಕಡತವನ್ನು ತಿದ್ದಿದರೆ, ಡಿಸ್ಕಿನ ಮೂಲದಲ್ಲಿರುವ, ಕಡತಗಳ ತಾಳೆ ಮೊತ್ತಗಳ ಎಂಡಿ5 ಪಟ್ಟಿಯಲ್ಲಿ ಅದರ ಸಾಲನ್ನೂ ಹೊಸದಾಗಿ ಬರೆಯಬೇಕು, ಇಲ್ಲವಾದರೆ ಡಿಸ್ಕ್ ಪರೀಕ್ಷೆಯಲ್ಲಿ ದೋಷವಿದೆ ಎಂದು ವಿನಾಕಾರಣ ತೋರಿಸುತ್ತದೆ. ಇಷ್ಟಾದ ಮೇಲೆ ಡಿಸ್ಕಿಗೆ ಬರೆಯುವ ಮೊದಲು ಕ್ಯುಎಮುವಿನಲ್ಲಿ (ತಂತ್ರಾಂಶದಲ್ಲೇ ಇನ್ನೊಂದು ಯಂತ್ರವನ್ನು ಅನುಕರಿಸುವ ಸಾಧನ) ನಾಲ್ಕು ಸಲ ಪರೀಕ್ಷಿಸಿ: ಬಯಾಸ್‌ನಲ್ಲಿ ಸಿಡಿಯಾಗಿ, ಬಯಾಸ್‌ನಲ್ಲಿ ಹಾರ್ಡ್‌ಡಿಸ್ಕಾಗಿ, ಒವಿಎಂಎಫ್ ಎಂಬ ಯುಇಎಫ್‌ಐ ಫರ್ಮ್‌ವೇರ್ ಹಾಕಿ ಸಿಡಿಯಾಗಿ, ಅದರಲ್ಲಿಯೇ ಹಾರ್ಡ್‌ಡಿಸ್ಕಾಗಿ. ಐಎಸ್‌ಒವನ್ನು ಹಾರ್ಡ್‌ಡಿಸ್ಕಿನಂತೆ ಕೊಡುವುದು ಪೆನ್‌ಡ್ರೈವಿಗೆ ಸಮನಾದ ಪರೀಕ್ಷೆ. ನಾಲ್ಕರಲ್ಲಿ ಯಾವುದು ಬೀಳುತ್ತದೆ ಎಂಬುದರಿಂದಲೇ ಯಾವ ಭಾಗ ಕಾಣೆಯಾಗಿದೆ ಎಂದು ತಿಳಿಯುತ್ತದೆ.

ಪ್ರಶ್ನೆ: ಸ್ಕ್ರಿಪ್ಟನ್ನು ಓಡಿಸಿದ ಕೂಡಲೇ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಬರುತ್ತದೆ. ಅದರ ಮುಂದೆ ‘ಎಸ್‌ಎಚ್’ ಎಂದು ಸೇರಿಸಿ ಓಡಿಸಿದರೆ ‘ಬ್ಯಾಡ್ ಸಬ್‌ಸ್ಟಿಟ್ಯೂಶನ್’ ಎನ್ನುತ್ತದೆ. ಬ್ಯಾಶ್ ಯಂತ್ರದಲ್ಲಿದೆ. (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಇವು ಎರಡು ಬೇರೆ ದೋಷಗಳು. ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲಿ ತಿದ್ದಿರುವುದರಿಂದ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಸೇರಿಕೊಂಡಿದೆ, ಮೊದಲ ಸಾಲಿನಲ್ಲಿ ಬ್ಯಾಶ್‌ನ ಹೆಸರಿಗೂ ಅದು ಅಂಟಿಕೊಂಡಿದೆ. ‘ಡಾಸ್‌2ಯುನಿಕ್ಸ್’ ಆಜ್ಞೆ ಅದನ್ನು ತೆಗೆಯುತ್ತದೆ. ಎರಡನೆಯದಕ್ಕೆ ಕಾರಣ, ಉಬುಂಟುವಿನಲ್ಲಿ 2006ರ 6.10ರಿಂದಲೂ ‘ಎಸ್‌ಎಚ್’ ಎಂದರೆ ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಇನ್ನೊಂದು ಶೆಲ್. ಬ್ಯಾಶ್‌ಗಾಗಿ ಬರೆದದ್ದನ್ನು ಬ್ಯಾಶ್ ಎಂಬ ಹೆಸರಿನಿಂದಲೇ ಕರೆಯಿರಿ.

ಪ್ರಶ್ನೆ: ಉಬುಂಟು ಡೆಸ್ಕ್‌ಟಾಪಿನ ಸ್ಕ್ವಾಶ್‌ಎಫ್‌ಎಸ್ (ಇಡೀ ವ್ಯವಸ್ಥೆಯನ್ನು ಅಡಕಿಸಿಟ್ಟ ಕಡತ) ಬಿಚ್ಚಿ, ಕ್ರೂಟ್ ಮಾಡಿ (ಬಿಚ್ಚಿದ್ದನ್ನೇ ಮೂಲ ವ್ಯವಸ್ಥೆಯಂತೆ ಹೊಕ್ಕು), ಒಳಗೆ ತಂತ್ರಾಂಶಗಳನ್ನು ಹಾಕುವ ಸ್ಕ್ರಿಪ್ಟ್ ಬರೆದಿದ್ದೆ. ತಂತ್ರಾಂಶ ತರಿಸಿ ಹಾಕುವ ಆ್ಯಪ್ಟ್ ಆಜ್ಞೆಗೆ ತಾಣಗಳ ವಿಳಾಸ ಸಿಗದೆ ಸ್ಕ್ರಿಪ್ಟ್ ನಡುವೆಯೇ ನಿಂತಿತು. ಮತ್ತೆ ಮೊದಲಿನಿಂದ ಮಾಡೋಣವೆಂದು ಕೆಲಸದ ಕಡತಕೋಶವನ್ನು ರೂಟ್ ಅಧಿಕಾರದಿಂದ ಅಳಿಸಿದೆ. ಆಮೇಲೆ ಹೊಸ ಟರ್ಮಿನಲ್ ತೆರೆಯುತ್ತಿಲ್ಲ, ಪೆನ್‌ಡ್ರೈವ್ ಕಾಣುತ್ತಿಲ್ಲ. ನನ್ನ ಯಂತ್ರ ಹಾಳಾಯಿತೇ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಗಾಬರಿಯಾಗಬೇಡಿ, ಯಂತ್ರವನ್ನು ಮರುಪ್ರಾರಂಭಿಸಿ. ಕೆಲಸದ ಕಡತಕೋಶದ ಜೊತೆಗೆ ನೀವು ಅಳಿಸಿದ್ದು ನಿಮ್ಮ ಯಂತ್ರದ ಸಾಧನಗಳ ಕಡತಗಳಿರುವ ‘ಡೆವ್’ ಕಡತಕೋಶವನ್ನು. ಅದು ಸ್ಮೃತಿಯಲ್ಲಿರುವ ಕಡತ ವ್ಯವಸ್ಥೆಯಾದುದರಿಂದ ಪ್ರತಿ ಸಲ ಯಂತ್ರ ಶುರುವಾದಾಗ ಕರ್ನಲ್ ಅದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆದರೆ ನಿಮ್ಮ ಸ್ಕ್ರಿಪ್ಟ್ ಮನೆ ಕಡತಕೋಶವನ್ನೋ ಡೌನ್‌ಲೋಡ್ ಕಡತಕೋಶವನ್ನೋ ಕ್ರೂಟ್‌ನೊಳಗೆ ಜೋಡಿಸಿದ್ದಿದ್ದರೆ ಅಲ್ಲಿನ ಕಡತಗಳು ನಿಜವಾಗಿಯೂ ಹೋಗುತ್ತಿದ್ದವು. ಈ ವಿಷಯದಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುವುದನ್ನು ಓದುಗರು ಸಹಿಸಿಕೊಳ್ಳಬೇಕು, ಏಕೆಂದರೆ ಡಿಸ್ಕ್ ಕಟ್ಟುವ ಸ್ಕ್ರಿಪ್ಟ್‌ಗಳಲ್ಲಿ ಉಳಿದ ದೋಷಗಳು ಒಂದು ಡಿವಿಡಿಯನ್ನೋ ಒಂದು ಮಧ್ಯಾಹ್ನವನ್ನೋ ಕೆಡಿಸಿದರೆ ಈ ಒಂದು ದೋಷ ವರ್ಷಗಟ್ಟಲೆ ಕೂಡಿಟ್ಟ ಕೆಲಸವನ್ನು ಅಳಿಸಿಬಿಡಬಲ್ಲದು.

ಕ್ರೂಟ್‌ನೊಳಗೆ ಆಜ್ಞೆಗಳು ನಡೆಯಬೇಕಾದರೆ ನಿಮ್ಮ ಯಂತ್ರದ ‘ಡೆವ್’, ಮತ್ತು ಕರ್ನಲ್ ಮಾಹಿತಿ ಕೊಡುವ ‘ಪ್ರೊಕ್’, ‘ಸಿಸ್’ ಕಡತಕೋಶಗಳನ್ನು ಒಳಗೆ ಕಾಣುವಂತೆ ಮಾಡಬೇಕಾಗುತ್ತದೆ, ಅದಕ್ಕಾಗಿ ಸ್ಕ್ರಿಪ್ಟ್ ‘ಬೈಂಡ್’ ಮೌಂಟ್ ಮಾಡುತ್ತದೆ. ಬೈಂಡ್ ಎಂದರೆ ನಕಲಲ್ಲ, ಅದೇ ಕಡತಕೋಶಕ್ಕೆ ಇನ್ನೊಂದು ಬಾಗಿಲು. ಎಲ್ಲವೂ ಸರಿಯಾಗಿ ನಡೆದರೆ ಕೊನೆಯ ಸಾಲುಗಳು ಆ ಬಾಗಿಲುಗಳನ್ನು ಮುಚ್ಚುತ್ತವೆ. ನಡುವೆ ನಿಂತರೆ ಅವು ತೆರೆದೇ ಇರುತ್ತವೆ. ಆಗ ಕೆಲಸದ ಕಡತಕೋಶವನ್ನು ಅಳಿಸಿದರೆ ಅಳಿಸುವ ಆಜ್ಞೆ ಆ ಬಾಗಿಲಿನಿಂದ ನಿಮ್ಮ ಯಂತ್ರದೊಳಗೇ ನಡೆದುಬಿಡುತ್ತದೆ. ‘ಸಿಸ್’ ಅನ್ನು ಅದರ ಒಳಮೌಂಟ್‌ಗಳೊಂದಿಗೆ ಜೋಡಿಸುವ ‘ಆರ್‌ಬೈಂಡ್’ ಇನ್ನೂ ಸೂಕ್ಷ್ಮ. ಅದರೊಳಗೆ ಯುಇಎಫ್‌ಐ ಫರ್ಮ್‌ವೇರಿನ ಸ್ವಂತ ವೇರಿಯಬಲ್‌ಗಳೂ ಕಡತಗಳಾಗಿ ಇರುತ್ತವೆ. 2016ರ ಆರಂಭದಲ್ಲಿ, ಹೀಗೆ ಅವು ಅಳಿದು ಕೆಲವು ಲ್ಯಾಪ್‌ಟಾಪ್‌ಗಳು ಆನ್ ಆಗುವುದೇ ನಿಂತ ಪ್ರಕರಣಗಳು ಬೆಳಕಿಗೆ ಬಂದ ಮೇಲೆ ಲಿನಕ್ಸ್ ಕರ್ನಲ್‌ನಲ್ಲಿ ಅವುಗಳಿಗೆ ರಕ್ಷಣೆ ಸೇರಿತು.

ಸ್ಕ್ರಿಪ್ಟನ್ನು ಹೀಗೆ ಬದಲಿಸಿ. ಬೈಂಡ್ ಮಾಡುವ ಸಾಲಿಗಿಂತ ಮೊದಲೇ, ಬಾಗಿಲುಗಳನ್ನು ಮುಚ್ಚುವ ಒಂದು ಕಾರ್ಯವನ್ನು ಬರೆದು, ‘ಟ್ರ್ಯಾಪ್’ ಆಜ್ಞೆಯ ಮೂಲಕ ಅದನ್ನು ಸ್ಕ್ರಿಪ್ಟಿನ ನಿರ್ಗಮನಕ್ಕೆ ಕಟ್ಟಿರಿ. ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದರೂ, ದೋಷದಿಂದ ನಿಂತರೂ, ನೀವು ಕಂಟ್ರೋಲ್-ಸಿ ಒತ್ತಿದರೂ ಆಗ ಅದು ನಡೆಯುತ್ತದೆ. ಅಳಿಸುವ ಸಾಲಿಗೆ ಮುನ್ನ ‘ಫೈಂಡ್‌ಎಂಎನ್‌ಟಿ’ ಆಜ್ಞೆಯಿಂದ ಕೆಲಸದ ಕಡತಕೋಶದ ಕೆಳಗೆ ಏನಾದರೂ ಮೌಂಟ್ ಉಳಿದಿದೆಯೇ ಎಂದು ನೋಡಿ, ಉಳಿದಿದ್ದರೆ ಅಳಿಸದೆ ನಿಲ್ಲುವಂತೆ ಬರೆಯಿರಿ. ಅಳಿಸುವ ಆಜ್ಞೆಗೆ ‘ಒನ್ ಫೈಲ್ ಸಿಸ್ಟಮ್’ ಎಂಬ ಆಯ್ಕೆ ಇದೆ, ಅದನ್ನು ಸೇರಿಸಿದರೆ ‘ಡೆವ್’ನಂತಹ ಬೇರೆ ಕಡತ ವ್ಯವಸ್ಥೆಗಳೊಳಗೆ ಅದು ಹೋಗುವುದಿಲ್ಲ, ಆದರೆ ಅದೇ ವಿಭಾಗದಲ್ಲಿರುವ ಮನೆ ಕಡತಕೋಶವನ್ನು ಬೈಂಡ್ ಮಾಡಿದ್ದರೆ ಆ ಆಯ್ಕೆ ಕಾಪಾಡುವುದಿಲ್ಲ ಎಂಬುದನ್ನು ಮರೆಯಬಾರದು. ಕೆಲಸದ ಕಡತಕೋಶದ ಹೆಸರಿರುವ ವೇರಿಯಬಲ್ ಖಾಲಿಯಾಗಿದ್ದರೆ ಏನಾಗುತ್ತದೆಂದು ಒಮ್ಮೆ ಯೋಚಿಸಿ: ಹೆಸರು ಮತ್ತು ಓರೆಗೆರೆಯ ಪೈಕಿ ಓರೆಗೆರೆ ಮಾತ್ರ ಉಳಿಯುತ್ತದೆ. ಅದಕ್ಕಾಗಿ ವೇರಿಯಬಲ್ ಹೆಸರಿನ ನಂತರ ಪುಷ್ಪಾವರಣದೊಳಗೆ ವಿವರಣ ಚಿಹ್ನೆ (:) ಮತ್ತು ಪ್ರಶ್ನಾರ್ಥಕ ಚಿಹ್ನೆಗಳನ್ನು (?) ಸೇರಿಸಿ ಬರೆದರೆ, ಅದು ಖಾಲಿಯಿದ್ದಾಗ ಬ್ಯಾಶ್ ಆ ಆಜ್ಞೆಯನ್ನು ನಡೆಸದೆ ನಿಲ್ಲಿಸುತ್ತದೆ.

ಇನ್ನು ಎಲ್ಲಕ್ಕೂ ಮೂಲವಾದ ವಿಳಾಸದ ತೊಂದರೆ. ಉಬುಂಟುವಿನಲ್ಲಿ ಹೆಸರು-ವಿಳಾಸಗಳ ‘ರಿಸಾಲ್ವ್’ ಸಂರಚನೆ ನಿಜವಾದ ಕಡತವಲ್ಲ, ‘ರನ್’ ಕಡತಕೋಶದೊಳಗಿನ ಇನ್ನೊಂದು ಕಡತಕ್ಕೆ ಕೊಂಡಿ. ಬಿಚ್ಚಿದ ವ್ಯವಸ್ಥೆಯಲ್ಲಿ ‘ರನ್’ ಖಾಲಿಯಿರುವುದರಿಂದ ಆ ಕೊಂಡಿ ಎಲ್ಲಿಗೂ ತಲುಪುವುದಿಲ್ಲ. ನಿಮ್ಮ ಯಂತ್ರದ ಕಡತವನ್ನು ಅದರ ಮೇಲೆ ನಕಲು ಮಾಡಹೊರಟರೆ ನಕಲು ಆಜ್ಞೆಯೂ ನಿರಾಕರಿಸುತ್ತದೆ. ಕೊಂಡಿಯನ್ನು ಬೇರೆ ಹೆಸರಿಗೆ ಸರಿಸಿ, ನಿಮ್ಮ ಕಡತವನ್ನು ಅಲ್ಲಿಟ್ಟು ಕೆಲಸ ಮುಗಿಸಿ, ಮತ್ತೆ ಸ್ಕ್ವಾಶ್‌ಎಫ್‌ಎಸ್ ಕಟ್ಟುವ ಮುನ್ನ ಕೊಂಡಿಯನ್ನು ಸ್ವಸ್ಥಾನಕ್ಕೆ ತನ್ನಿ. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ನಿಮ್ಮ ಮನೆಯ ಜಾಲದ ವಿಳಾಸ ಆ ಡಿಸ್ಕಿನಿಂದ ಶುರುವಾಗುವ ಎಲ್ಲ ಯಂತ್ರಗಳಿಗೂ ಹರಡುತ್ತದೆ.

ಪ್ರಶ್ನೆ: ಉಬುಂಟು ಸರ್ವರ್ ತಾನಾಗಿಯೇ ಅನುಸ್ಥಾಪನೆಗೊಳ್ಳುವಂತೆ ಉತ್ತರಗಳ ಕಡತವನ್ನು ಐಎಸ್‌ಒದಲ್ಲಿ ಹಾಕಿದ್ದೇನೆ. ಮೆನು ಸಾಲಿನಲ್ಲಿ ‘ಆಟೊಇನ್‌ಸ್ಟಾಲ್’ ಎಂದೂ, ಕಡತ ಎಲ್ಲಿದೆಯೆಂದೂ ಬರೆದಿದ್ದೇನೆ. ಬೂಟ್ ಆಗುತ್ತದೆ, ಆದರೆ ಏನೂ ಹಾಕಿಲ್ಲವೇನೋ ಎಂಬಂತೆ ಭಾಷೆ ಯಾವುದೆಂದು ಕೇಳುತ್ತದೆ. ದೋಷದ ಸಂದೇಶವೇ ಇಲ್ಲ. (ಜಾಲ ನಿರ್ವಾಹಕರು, ಧಾರವಾಡ)

ಉತ್ತರ: ನೀವು ಕಳುಹಿಸಿದ ಸಾಲಿನಲ್ಲಿ ‘ನೊಕ್ಲೌಡ್’ ಎಂಬ ಪದದ ನಂತರ ಒಂದು ಅರ್ಧವಿರಾಮ ಚಿಹ್ನೆ (;) ಇದೆ. ಗ್ರಬ್‌ನ ಭಾಷೆಯಲ್ಲಿ ಅರ್ಧವಿರಾಮವೆಂದರೆ ಒಂದು ಆಜ್ಞೆಯ ಅಂತ್ಯ. ಆದ್ದರಿಂದ ಕರ್ನಲ್‌ಗೆ ಅದಕ್ಕಿಂತ ಮುಂಚಿನ ಭಾಗ ಮಾತ್ರ ತಲುಪಿತು, ಕಡತ ಎಲ್ಲಿದೆಯೆಂಬ ಭಾಗ ಕತ್ತರಿಸಿಹೋಯಿತು. ಅರ್ಧವಿರಾಮದ ಹಿಂದೆ ಒಂದು ಹಿಂಬದಿ ಓರೆಗೆರೆಯನ್ನು ಹಾಕಬೇಕು, ಅಥವಾ ಆ ಇಡೀ ಪದವನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ನೀವು ಮೆನು ಸಾಲನ್ನು, ಪಠ್ಯ ಹುಡುಕಿ ಬದಲಿಸುವ ಸೆಡ್ ಆಜ್ಞೆಯಿಂದ ತಿದ್ದುತ್ತಿರುವುದರಿಂದ ಇನ್ನೊಂದು ತೊಡಕಿದೆ: ಸೆಡ್ ತನ್ನ ಬದಲಿ ಪಠ್ಯದಲ್ಲಿರುವ ಒಂದು ಓರೆಗೆರೆಯನ್ನು ತಾನೇ ನುಂಗಿಬಿಡುತ್ತದೆ, ಅಲ್ಲಿ ಎರಡು ಬರೆದರೆ ಗ್ರಬ್‌ಗೆ ಒಂದು ಉಳಿಯುತ್ತದೆ. ಸ್ಕ್ರಿಪ್ಟಿನಲ್ಲಿ ಏನು ಬರೆದಿದೆ ಎಂಬುದನ್ನಲ್ಲ, ಕಟ್ಟಿ ಮುಗಿದ ಐಎಸ್‌ಒದೊಳಗಿನ ಗ್ರಬ್ ಕಡತದಲ್ಲಿ ಏನಿದೆ ಎಂಬುದನ್ನು ತೆರೆದು ನೋಡಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿ.

ಬೂಟ್ ಆದ ಯಂತ್ರದಲ್ಲಿ ಇನ್ನೊಂದು ಶೆಲ್‌ಗೆ ಹೋಗಿ, ‘ಪ್ರೊಕ್’ ಕಡತಕೋಶದ ‘ಸಿಎಂಡಿಲೈನ್’ ಕಡತವನ್ನು ಓದಿದರೆ ಕರ್ನಲ್‌ಗೆ ನಿಜವಾಗಿ ತಲುಪಿದ ಸಾಲು ಕಾಣುತ್ತದೆ. ಅದು ಪೂರ್ತಿಯಾಗಿದ್ದರೂ ಪ್ರಶ್ನೆ ಕೇಳುತ್ತಿದ್ದರೆ, ‘ಯೂಸರ್-ಡೇಟಾ’ ಎಂಬ ಉತ್ತರಗಳ ಕಡತದ ಜೊತೆಗೆ ‘ಮೆಟಾ-ಡೇಟಾ’ ಎಂಬ ಕಡತವೂ ಇದೆಯೇ ನೋಡಿ. ಅದು ಖಾಲಿಯಿದ್ದರೂ ಸರಿ, ಇರಲೇಬೇಕು. ‘ಯೂಸರ್-ಡೇಟಾ’ದ ಮೊದಲ ಸಾಲು ಹ್ಯಾಶ್ ಚಿಹ್ನೆಯೊಂದಿಗೆ ‘ಕ್ಲೌಡ್-ಕಾನ್ಫಿಗ್’ ಎಂದೇ ಆರಂಭವಾಗಬೇಕು, ಸಾಲುಗಳ ಆರಂಭದಲ್ಲಿ ಟ್ಯಾಬ್ ಬಳಸಬಾರದು, ಖಾಲಿ ಜಾಗವನ್ನೇ ಬಿಡಬೇಕು.

ನಿಮಗೆ ಒಂದು ಎಚ್ಚರಿಕೆ ಕೊಡದೆ ಈ ಉತ್ತರವನ್ನು ಮುಗಿಸಲಾರೆ. ಕರ್ನಲ್ ಸಾಲಿನಲ್ಲಿ ‘ಆಟೊಇನ್‌ಸ್ಟಾಲ್’ ಎಂಬ ಪದವಿದ್ದರೆ ಅನುಸ್ಥಾಪಕವು ಒಪ್ಪಿಗೆಯನ್ನೂ ಕೇಳದೆ ಡಿಸ್ಕನ್ನು ಅಳಿಸಿ ಕೆಲಸ ಶುರುಮಾಡುತ್ತದೆ. ಆ ಪದವಿಲ್ಲದೆ ಕಡತ ಮಾತ್ರ ಸಿಕ್ಕರೆ ಒಮ್ಮೆ ಕೇಳುತ್ತದೆ. ಯಾವ ಡಿಸ್ಕೆಂದು ಹೇಳದಿದ್ದರೆ ಯಂತ್ರದಲ್ಲಿರುವ ಅತಿ ದೊಡ್ಡ ಡಿಸ್ಕನ್ನು ಆರಿಸಿಕೊಳ್ಳುತ್ತದೆ, ಅದು ನೀವು ದತ್ತಾಂಶ ಇಟ್ಟಿರುವ ಡಿಸ್ಕೇ ಆಗಿರಬಹುದು. ಆದ್ದರಿಂದ ಡಿಸ್ಕನ್ನು ಅದರ ಕ್ರಮಸಂಖ್ಯೆಯಿಂದಲೋ ಮಾದರಿಯಿಂದಲೋ ಗುರುತಿಸಿ ಬರೆಯಿರಿ, ಮತ್ತು ಮೆನುವಿನಲ್ಲಿ ಹಾರ್ಡ್‌ಡಿಸ್ಕಿನಿಂದ ಬೂಟ್ ಆಗುವುದನ್ನೇ ಪೂರ್ವನಿಯೋಜಿತ ಆಯ್ಕೆಯಾಗಿ ಇಡಿ. ಡ್ರೈವಿನಲ್ಲಿ ಮರೆತು ಬಿಟ್ಟ ಡಿವಿಡಿ ಮರುದಿನ ಬೆಳಿಗ್ಗೆ ಸರ್ವರನ್ನು ಅಳಿಸಬಾರದು.

ಪ್ರಶ್ನೆ: ಡೆಬಿಯನ್ ಆಧಾರಿತ ಕನ್ನಡ ಡಿಸ್ಕೊಂದನ್ನು ನಮ್ಮೂರಿನ ಗ್ರಂಥಾಲಯಕ್ಕಾಗಿ ಕಟ್ಟುತ್ತಿದ್ದೇನೆ. ಸ್ಕ್ರಿಪ್ಟ್ ಕನ್ನಡ ಲೊಕೇಲನ್ನು (ಭಾಷೆ ಮತ್ತು ಪ್ರದೇಶದ ಸಂಯೋಜನೆ) ಸಕ್ರಿಯಗೊಳಿಸುತ್ತದೆ, ಅಕ್ಷರಶೈಲಿಗಳನ್ನು ಹಾಕುತ್ತದೆ, ಯಾವ ದೋಷವೂ ಇಲ್ಲದೆ ಮುಗಿಯುತ್ತದೆ. ಆದರೂ ಡಿಸ್ಕಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದೆ, ಕನ್ನಡ ಪುಟಗಳಲ್ಲಿ ಚೌಕಗಳು ಕಾಣುತ್ತವೆ. ಬೂಟ್ ಮೆನುವನ್ನೂ ಕನ್ನಡದಲ್ಲಿ ಕೊಡುವ ಆಸೆಯಿದೆ. (ಸ್ವಯಂಸೇವಕರು, ಉಡುಪಿ)

ಉತ್ತರ: ಬಹಳ ಒಳ್ಳೆಯ ಕೆಲಸ. ನಿಮ್ಮ ಸ್ಕ್ರಿಪ್ಟಿನ ಎರಡು ಸಾಲುಗಳು ಸುಳ್ಳು ಯಶಸ್ಸನ್ನು ವರದಿ ಮಾಡುತ್ತಿವೆ.

ಮೊದಲನೆಯದು ಲೊಕೇಲ್. ಲೊಕೇಲ್‌ಗಳ ಪಟ್ಟಿಯಲ್ಲಿ ಅಮೆರಿಕದ ಇಂಗ್ಲಿಷಿನ ಸಾಲು ‘ಇಎನ್_ಯುಎಸ್.ಯುಟಿಎಫ್-8 ಯುಟಿಎಫ್-8’ ಎಂದಿದೆ, ಅಂದರೆ ಸಂಕೇತದ ಹೆಸರು ಎರಡು ಸಲ ಬರುತ್ತದೆ. ಅದನ್ನು ನೋಡಿ ನೀವು ಕನ್ನಡಕ್ಕೂ ಹಾಗೆಯೇ ಹುಡುಕುತ್ತಿದ್ದೀರಿ. ಆದರೆ ಕನ್ನಡದ ಸಾಲು ‘ಕೆಎನ್_ಐಎನ್ ಯುಟಿಎಫ್-8’ ಎಂದು ಮಾತ್ರ ಇದೆ; ಹಿಂದಿ, ತಮಿಳು, ತೆಲುಗು, ಅಷ್ಟೇಕೆ ಭಾರತದ ಇಂಗ್ಲಿಷಿನ ಸಾಲೂ ಇದೇ ಬಗೆಯದು. ಮೊದಲಿನಿಂದಲೂ ಯೂನಿಕೋಡ್ ಒಂದೇ ಸಂಕೇತವಾಗಿ ಬಂದ ಈ ಲೊಕೇಲ್‌ಗಳಿಗೆ ಹಳೆಯ ಸಂಕೇತದಿಂದ ಬೇರ್ಪಡಿಸಿ ಹೇಳುವ ಅಗತ್ಯವಿರಲಿಲ್ಲ. ಸೆಡ್ ಹುಡುಕಿದ ಸಾಲು ಸಿಗದಿದ್ದರೆ ಏನನ್ನೂ ಬದಲಿಸದೆ ಯಶಸ್ಸಿನ ಸಂಕೇತವನ್ನೇ ಹಿಂದಿರುಗಿಸುತ್ತದೆ, ದೋಷ ಕಂಡಲ್ಲಿ ನಿಲ್ಲು ಎಂಬ ‘ಸೆಟ್ -ಇ’ಗೂ ಅದು ಗೊತ್ತಾಗುವುದಿಲ್ಲ. ಪ್ರತಿ ಸೆಡ್ ಸಾಲಿನ ನಂತರ ಬಂದಿರಬೇಕಾದ ಪಠ್ಯವನ್ನು ಗ್ರೆಪ್ ಆಜ್ಞೆಯಿಂದ ಹುಡುಕಿಸಿ, ಸಿಗದಿದ್ದರೆ ಸ್ಕ್ರಿಪ್ಟ್ ನಿಲ್ಲುವಂತೆ ಮಾಡಿ.

ಎರಡನೆಯದು ಸ್ಕ್ವಾಶ್‌ಎಫ್‌ಎಸ್. ಹಳೆಯ ಕಡತ ಇದ್ದ ಜಾಗದಲ್ಲಿಯೇ ಹೊಸದನ್ನು ಕಟ್ಟಲು ಹೇಳಿದರೆ ಅದನ್ನು ಕಟ್ಟುವ ತಂತ್ರಾಂಶ ಹಳೆಯದನ್ನು ತೆಗೆದು ಬರೆಯುವುದಿಲ್ಲ, ಹಳೆಯದಕ್ಕೆ ಸೇರಿಸುತ್ತದೆ. ಹೆಸರು ಘರ್ಷಿಸಿದರೆ ಹೊಸದಕ್ಕೆ ‘_1’ ಎಂಬ ಬಾಲ ಹಚ್ಚುತ್ತದೆ. ನಿಮ್ಮ ಡಿಸ್ಕಿನ ಮೂಲದಲ್ಲಿ ‘ಬಿನ್_1’, ‘ಯುಎಸ್‌ಆರ್_1’ ಮುಂತಾದ ಹೆಸರುಗಳು ಕಂಡರೆ ಕಾರಣ ಇದೇ: ಅಕ್ಷರಶೈಲಿಗಳು ಡಿಸ್ಕಿನಲ್ಲಿವೆ, ಆದರೆ ವ್ಯವಸ್ಥೆ ಹಳೆಯ ‘ಯುಎಸ್‌ಆರ್’ ಅನ್ನೇ ಓದುತ್ತಿದೆ. ಕಟ್ಟುವ ಮೊದಲು ಹಳೆಯ ಕಡತವನ್ನು ಅಳಿಸಿ, ಅಥವಾ ‘ನೊ ಅಪೆಂಡ್’ ಆಯ್ಕೆಯನ್ನು ಕೊಡಿ. ಅಕ್ಷರಶೈಲಿಗಳಿಗೆ ಡೆಬಿಯನ್‌ನಲ್ಲಿ ಲೋಹಿತ್ ಕನ್ನಡದ ಪ್ಯಾಕೇಜ್ ಮತ್ತು ಗುಬ್ಬಿ, ನವಿಲು ಅಕ್ಷರಶೈಲಿಗಳ ಪ್ಯಾಕೇಜ್‌ಗಳು ಇವೆ, ಅವು ಸಾಕು.

ಬೂಟ್ ಮೆನುವಿನ ಆಸೆಯನ್ನು ಮಾತ್ರ ಸದ್ಯಕ್ಕೆ ಬಿಡಬೇಕಾಗುತ್ತದೆ. ಒತ್ತಕ್ಷರ ಮತ್ತು ಗುಣಿತಗಳನ್ನು ಜೋಡಿಸಿ ತೋರಿಸುವ ವ್ಯವಸ್ಥೆ ಗ್ರಬ್‌ನಲ್ಲಿಯೂ ಲಿನಕ್ಸಿನ ಪಠ್ಯ ಪರದೆಯಲ್ಲಿಯೂ ಇಲ್ಲ, ಅಕ್ಷರಶೈಲಿ ಹಾಕಿದರೂ ಅಕ್ಷರಗಳು ಬಿಡಿಬಿಡಿಯಾಗಿ ಬರುತ್ತವೆ. ಡೆಬಿಯನ್ ಅನುಸ್ಥಾಪಕದ ಚಿತ್ರಾತ್ಮಕ ರೂಪದಲ್ಲಿ ಕನ್ನಡ ಇದೆ, ಪಠ್ಯ ರೂಪದಲ್ಲಿ ಇಲ್ಲದಿರುವುದಕ್ಕೂ ಇದೇ ಕಾರಣ. ಮೆನುವನ್ನು ಇಂಗ್ಲಿಷಿನಲ್ಲಿ ಎರಡೇ ಸಾಲಿಗೆ ಮಿತಗೊಳಿಸಿ, ಚಿತ್ರಾತ್ಮಕ ಅನುಸ್ಥಾಪಕವು ನೇರವಾಗಿ ಕನ್ನಡದಲ್ಲಿ ತೆರೆಯುವಂತೆ ಕರ್ನಲ್ ಸಾಲಿನಲ್ಲಿ ಲೊಕೇಲ್ ಕೊಡಿ. ಓದುಗರಿಗೆ ಕನ್ನಡ ಮೊದಲ ಪರದೆಯಿಂದಲೇ ಸಿಗುತ್ತದೆ.

ಪ್ರಶ್ನೆ: ಆಲ್ಮಾಲಿನಕ್ಸ್ ಐಎಸ್‌ಒಗೆ ಕಿಕ್‌ಸ್ಟಾರ್ಟ್ ಎಂಬ ಉತ್ತರಗಳ ಕಡತ ಸೇರಿಸಿ, ಡಿಸ್ಕಿಗೆ ನಮ್ಮ ಸಂಸ್ಥೆಯ ಹೆಸರಿಟ್ಟು ಕಟ್ಟಿದೆ. ಕರ್ನಲ್ ಶುರುವಾಗಿ, ಕೆಲವು ನಿಮಿಷ ಕಾದು, ‘ಡ್ರಾಕಟ್’ ಎಂಬ ತುರ್ತು ಶೆಲ್‌ನಲ್ಲಿ ನಿಲ್ಲುತ್ತದೆ. (ಓದುಗರು, ಕಲಬುರಗಿ)

ಉತ್ತರ: ಡಿಸ್ಕಿನ ಹೆಸರು ಬದಲಿಸಿದ್ದೇ ಕಾರಣ. ಆಲ್ಮಾಲಿನಕ್ಸ್ ಸೇರಿದ ರೆಡ್ ಹ್ಯಾಟ್ ಕುಟುಂಬದ ವಿತರಣೆಗಳಲ್ಲಿ ಅನುಸ್ಥಾಪಕದ ಎರಡನೆಯ ಹಂತವನ್ನು ಕರ್ನಲ್ ಸಾಲು ಡಿಸ್ಕಿನ ಲೇಬಲ್‌ನಿಂದ ಹುಡುಕಿಸುತ್ತದೆ. ಲೇಬಲ್ ಬದಲಾದರೆ ಬಯಾಸ್ ಮೆನು ಮತ್ತು ಯುಇಎಫ್‌ಐ ಗ್ರಬ್ ಮೆನು ಎರಡರಲ್ಲಿಯೂ ಅದನ್ನು ಬದಲಿಸಬೇಕು. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಅದನ್ನು ಹಿಂಬದಿ ಓರೆಗೆರೆ, ಎಕ್ಸ್ ಮತ್ತು 20 ಎಂಬ ಸಂಕೇತವಾಗಿ ಬರೆಯಬೇಕು, ಇಡೀ ಲೇಬಲ್ 32 ಅಕ್ಷರ ಮೀರಬಾರದು. ನನ್ನ ಸಲಹೆ, ಮೂಲ ಲೇಬಲನ್ನೇ ಉಳಿಸಿ. ಇದೇ ಕೆಲಸಕ್ಕಾಗಿ ‘ಲೋರಾಕ್ಸ್’ ಪ್ಯಾಕೇಜಿನಲ್ಲಿ ‘ಎಂಕೆಕೆಎಸ್‌ಐಸೊ’ ಎಂಬ ಆಜ್ಞೆ ಸಿದ್ಧವಿದೆ, ಅದು ಕಿಕ್‌ಸ್ಟಾರ್ಟ್ ಸೇರಿಸಿ ಮೆನುಗಳನ್ನೂ ತಾನೇ ತಿದ್ದುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ಯಂತ್ರಗಳಿಗೆ ಡೆಬಿಯನ್ 12ರ ಡಿವಿಡಿ ಕಟ್ಟಿದ್ದೇನೆ. ಬರೆದ ಡಿವಿಡಿಯ ಎಂಡಿ5 ಮೊತ್ತ ಐಎಸ್‌ಒದ ಮೊತ್ತಕ್ಕೆ ಹೊಂದುತ್ತಿಲ್ಲ, ಆದರೂ ಬೂಟ್ ಆಗುತ್ತದೆ. ಜೊತೆಗೆ, ಪ್ರೀಸೀಡ್ ಎಂಬ ಉತ್ತರಗಳ ಕಡತದಲ್ಲಿ ಭಾಷೆ ಮತ್ತು ಕೀಲಿಮಣೆಯ ಉತ್ತರಗಳಿದ್ದರೂ ಅನುಸ್ಥಾಪಕ ಅವನ್ನೇ ಕೇಳುತ್ತದೆ. ಅದಕ್ಕಾಗಿ ಪ್ರೀಸೀಡನ್ನು ಇನಿಟ್‌ಆರ್‌ಡಿಯೊಳಗೆ (ಕರ್ನಲ್ ಜೊತೆಗೇ ಸ್ಮೃತಿಗೆ ಬರುವ ಆರಂಭಿಕ ವ್ಯವಸ್ಥೆ) ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. (ಶಿಕ್ಷಕರು, ಚಾಮರಾಜನಗರ)

ಉತ್ತರ: ಮೊತ್ತದ ಬಗ್ಗೆ ಚಿಂತಿಸಬೇಡಿ. ಡ್ರೈವ್ ಇಡೀ ಡಿಸ್ಕನ್ನು ಕೊನೆಯವರೆಗೆ ಓದುವಾಗ, ಬರೆಯುವಾಗ ಸೇರಿದ ಹೆಚ್ಚುವರಿ ಸೆಕ್ಟರ್‌ಗಳನ್ನೂ ಓದಿಬಿಡಬಹುದು. ಐಎಸ್‌ಒದ ಬೈಟ್‌ಗಳನ್ನು 2048ರಿಂದ ಭಾಗಿಸಿ, ಡಿಡಿ ಆಜ್ಞೆಯಿಂದ ಅಷ್ಟೇ ಸೆಕ್ಟರ್‌ಗಳನ್ನು ಓದಿ ಮೊತ್ತ ತೆಗೆದರೆ ಹೊಂದುತ್ತದೆ. ಆಗಲೂ ಹೊಂದದಿದ್ದರೆ ಮಾತ್ರ ಡಿವಿಡಿ ಕೆಟ್ಟಿದೆ ಎಂದು ತಿಳಿಯಿರಿ. ಇನ್ನು ಡಿಸ್ಕಿನೊಳಗಿನ ಪಟ್ಟಿಯಲ್ಲಿ ಐಸೊಲಿನಕ್ಸ್ ಕಡತದ ಮೊತ್ತ ಒಂದೇ ತಪ್ಪು ಬರುತ್ತಿದ್ದರೆ ಅದು ಸಹಜ: ಐಎಸ್‌ಒ ಕಟ್ಟುವಾಗ ‘ಬೂಟ್ ಇನ್ಫೊ ಟೇಬಲ್’ ಆಯ್ಕೆಯು ಆ ಕಡತದ 8ನೆಯ ಬೈಟಿನಿಂದ 56 ಬೈಟ್‌ಗಳನ್ನು ತಿದ್ದುತ್ತದೆ, ಪಟ್ಟಿಯಾದರೋ ಅದಕ್ಕಿಂತ ಮುಂಚೆಯೇ ತಯಾರಾಗಿರುತ್ತದೆ. ಆ ಸಾಲನ್ನು ಪಟ್ಟಿಯಿಂದ ಬಿಡಿ.

ಪ್ರೀಸೀಡ್ ಡಿಸ್ಕಿನಲ್ಲಿದ್ದರೆ, ಡಿಸ್ಕ್ ಮೌಂಟ್ ಆದ ಮೇಲಷ್ಟೇ ಅದು ಓದಲ್ಪಡುತ್ತದೆ; ಭಾಷೆ ಮತ್ತು ಕೀಲಿಮಣೆಯ ಪ್ರಶ್ನೆಗಳು ಅದಕ್ಕೂ ಮೊದಲೇ ಬಂದುಹೋಗುತ್ತವೆ. ಕರ್ನಲ್ ಸಾಲಿನಲ್ಲಿ ‘ಆಟೊ=ಟ್ರೂ’ ಮತ್ತು ‘ಪ್ರಯಾರಿಟಿ=ಕ್ರಿಟಿಕಲ್’ ಎಂದು ಸೇರಿಸಿದರೆ ಆ ಪ್ರಶ್ನೆಗಳು ಪ್ರೀಸೀಡ್ ಬರುವವರೆಗೆ ಮುಂದೆ ಹೋಗುತ್ತವೆ. ಇನಿಟ್‌ಆರ್‌ಡಿಯೊಳಗೆ ಹಾಕುವುದು ಇನ್ನೂ ಗಟ್ಟಿಯಾದ ದಾರಿ, ನೀವು ಅದನ್ನು ಹಿಡಿದದ್ದು ಸರಿಯೇ. ಕಡತದ ಹೆಸರು ‘ಪ್ರೀಸೀಡ್.ಸಿಎಫ್‌ಜಿ’ ಎಂದಿದ್ದು ಇನಿಟ್‌ಆರ್‌ಡಿಯ ಮೂಲದಲ್ಲಿಯೇ ಇರಬೇಕು, ಅದನ್ನು ಕಟ್ಟುವ ಸಿಪಿಐಒ ಆಜ್ಞೆಗೆ ‘ನ್ಯೂಸಿ’ ರೂಪವನ್ನೇ ಹೇಳಿರಬೇಕು. ನಿಮ್ಮ ಸ್ಕ್ರಿಪ್ಟಿನಲ್ಲಿ ಇವೆರಡೂ ಸರಿಯಾಗಿವೆ. ತಪ್ಪಿರುವುದು ಬೇರೆ ಕಡೆ: ಡೆಬಿಯನ್ ಡಿಸ್ಕಿನಲ್ಲಿ ಎರಡು ಇನಿಟ್‌ಆರ್‌ಡಿಗಳಿವೆ. ‘ಇನ್‌ಸ್ಟಾಲ್.ಎಎಂಡಿ’ ಕಡತಕೋಶದಲ್ಲಿರುವುದು ಪಠ್ಯ ಅನುಸ್ಥಾಪಕದ್ದು, ಅದರೊಳಗಿನ ‘ಜಿಟಿಕೆ’ ಉಪಕೋಶದಲ್ಲಿರುವುದು ಚಿತ್ರಾತ್ಮಕ ಅನುಸ್ಥಾಪಕದ್ದು. ನೀವು ತಿದ್ದಿರುವುದು ಮೊದಲನೆಯದನ್ನು, ಮೆನುವಿನಲ್ಲಿ ತಾನಾಗಿ ಆಯ್ಕೆಯಾಗುತ್ತಿರುವುದು ಎರಡನೆಯದು. ಜಿಟಿಕೆಯ ಇನಿಟ್‌ಆರ್‌ಡಿಗೂ ಅದೇ ಕಡತವನ್ನು ಸೇರಿಸಿ, ಐಎಸ್‌ಒವನ್ನು ಮತ್ತೆ ಕಟ್ಟಿ, ಡಿವಿಡಿಗೆ ಬರೆಯುವ ಮೊದಲು ಕ್ಯುಎಮುವಿನಲ್ಲಿ ಎರಡೂ ಮೆನು ಸಾಲುಗಳನ್ನು ಒಂದೊಂದು ಸಲ ಓಡಿಸಿ ನೋಡಿ.